ಉತ್ತರ ಸಮುದ್ರದ ಗಡಿಗೆ 200 ಮೈಲಿ ಬಫರ್ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಉತ್ತರ ಸಮುದ್ರದ ಮೇಲೆ ಸಾಗರ ಯೋಜನೆಯ (ಕಡಲಿನ ಯಾವ ಭಾಗವನ್ನು ಯಾವುದಕ್ಕೆ ಬಳಸಬೇಕು ಎಂಬ ಯೋಜನೆ) ಸಿಮ್ಯುಲೇಶನ್ ಆಟ ಕಟ್ಟುತ್ತಿದ್ದೀರಿ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ದೇಶ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಕರಾವಳಿಯಿಂದ 12 ಮತ್ತು 200 ನಾಟಿಕಲ್ ಮೈಲಿಗೆ ಬಫರ್ (ಅಷ್ಟು ಅಗಲದ ಪಟ್ಟಿ) ಹಾಕಿದರೆ ಪ್ರತಿ ದೇಶದ ಪ್ರಾದೇಶಿಕ ಜಲ ಮತ್ತು ವಿಶೇಷ ಆರ್ಥಿಕ ವಲಯ ಸಿಕ್ಕಿಬಿಡುತ್ತವಾ?

12ಕ್ಕೆ ಹೆಚ್ಚುಕಡಿಮೆ ನಡೆಯುತ್ತದೆ. 200ಕ್ಕೆ ಖಂಡಿತ ಇಲ್ಲ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್, ಹಾಗಾಗಿ 200 ಮೈಲಿ ಸುಮಾರು 370 ಕಿ.ಮೀ. ಎದುರುಬದುರು ಇರುವ ಎರಡು ದೇಶಗಳಿಗೂ ಪೂರ್ತಿ ಪಾಲು ಸಿಗಬೇಕಾದರೆ ನಡುವೆ 740 ಕಿ.ಮೀ. ನೀರು ಬೇಕು. ಉತ್ತರ ಸಮುದ್ರದ ಅತಿ ಹೆಚ್ಚಿನ ಅಗಲವೇ ಸುಮಾರು 580. ಜರ್ಮನಿಗೆ ಬಫರ್ ಹಾಕಿ ನೋಡಿ, ಅದು ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕಿನ ನೆಲದ ಮೇಲೂ ಹತ್ತಿ ಕೂರುತ್ತದೆ!

ಅಲ್ಲಿನ ಗೆರೆಗಳೆಲ್ಲ ದೇಶಗಳು ಕೂತು ಮಾತಾಡಿ ಎಳೆದುಕೊಂಡವು. ಜರ್ಮನಿಯದ್ದೇ ನೋಡಿ. ಅದರ ಕರಾವಳಿ ಒಳಕ್ಕೆ ಬಾಗಿದೆ. ಸಮದೂರದ ಗೆರೆ, ಅಂದರೆ ಎರಡೂ ದೇಶಗಳ ಕರಾವಳಿಯಿಂದ ಒಂದೇ ದೂರದಲ್ಲಿರುವ ಗೆರೆ, ಎಳೆದರೆ ಆಚೀಚಿನ ಎರಡು ದೇಶಗಳ ಗೆರೆಗಳು ಬೇಗ ಕೂಡಿ, ಜರ್ಮನಿಗೆ ಒಂದು ಸಣ್ಣ ತ್ರಿಕೋನ ಉಳಿಯುತ್ತಿತ್ತು. 1969ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಸಮದೂರದ ನಿಯಮಕ್ಕೆ ಜರ್ಮನಿ ಕಟ್ಟುಬಿದ್ದಿಲ್ಲ, ನ್ಯಾಯವಾಗಿ ಹಂಚಿಕೊಳ್ಳಿ ಎಂದಿತು. 1971ರ ಒಪ್ಪಂದಗಳಲ್ಲಿ ಜರ್ಮನಿಗೆ ಸಮುದ್ರದ ಮಧ್ಯದವರೆಗೆ ಚಾಚಿದ ಒಂದು ಕಿರಿದಾದ ಪಟ್ಟಿ ಸಿಕ್ಕಿತು. ಜರ್ಮನ್ನರು ಅದನ್ನು 'ಬಾತುಕೋಳಿ ಕೊಕ್ಕು' ಎನ್ನುತ್ತಾರೆ. ನಕ್ಷೆಯಲ್ಲಿ ನೋಡಿದರೆ ಹೆಸರು ಸರಿ ಅನಿಸುತ್ತದೆ. ಯಾವ ಬಫರೂ ಆ ಕೊಕ್ಕನ್ನು ಬಿಡಿಸಿಕೊಡುವುದಿಲ್ಲ.

ಆದ್ದರಿಂದ ಗೆರೆ ನೀವೇ ಎಳೆಯಬೇಡಿ, ತೆಗೆದುಕೊಳ್ಳಿ. ಬೆಲ್ಜಿಯಂನ ಫ್ಲಾಂಡರ್ಸ್ ಮೆರೈನ್ ಇನ್‌ಸ್ಟಿಟ್ಯೂಟ್ 'ಮೆರೈನ್ ರೀಜನ್ಸ್' ಹೆಸರಲ್ಲಿ ಇಡೀ ಜಗತ್ತಿನ ಕಡಲ ಗಡಿಗಳನ್ನು ಉಚಿತವಾಗಿ ಕೊಡುತ್ತದೆ. ಪಾಲಿಗಾನ್ (ವಲಯದ ಮುಚ್ಚಿದ ಆಕೃತಿ) ಜೊತೆಗೆ ಗೆರೆಗಳ ಫೈಲನ್ನೂ ಇಳಿಸಿಕೊಳ್ಳಿ. ಅದರಲ್ಲಿ ಪ್ರತಿ ಗೆರೆ ಎಂಥದ್ದು ಎಂದು ಹೇಳುವ ಒಂದು ಕಾಲಂ ಇದೆ: ಒಪ್ಪಂದ, ಮಧ್ಯರೇಖೆ, 200 ಮೈಲಿ, ಹೀಗೆ. ನನ್ನ ಮಟ್ಟಿಗೆ ಇಡೀ ಫೈಲಿನಲ್ಲಿ ಅದೇ ಮುಖ್ಯ ಕಾಲಂ. ಒಪ್ಪಂದದ ಗೆರೆಗೂ, ಯಾರೂ ಸಹಿ ಹಾಕದ ಮಧ್ಯರೇಖೆಗೂ ಆಟದಲ್ಲಿ ಒಂದೇ ಬಣ್ಣ ಕೊಟ್ಟರೆ ಸುಳ್ಳು ಹೇಳಿದ ಹಾಗೆ, ಅಲ್ವಾ?

ಇನ್ನು 12 ಮೈಲಿ. ಅಳತೆ ಶುರುವಾಗುವುದು ಬೇಸ್‌ಲೈನ್‌ನಿಂದ, ಅಂದರೆ ಸಾಮಾನ್ಯವಾಗಿ ಇಳಿತದ ನೀರಿನ ಗೆರೆಯಿಂದ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕರಾವಳಿ ಇರುವುದು ದೊಡ್ಡ ಉಬ್ಬರದ ಗೆರೆಯಲ್ಲಿ, ಹಾಗಾಗಿ ಅದರಿಂದ ಅಳೆದರೆ ಶುರುವೇ ತಪ್ಪುತ್ತದೆ. ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್ ಕರಾವಳಿಯ ಆಳವಿಲ್ಲದ ವಾಡನ್ ಸಮುದ್ರದಂಥ ಕಡೆ ನೀರು ಇಳಿದಾಗ ಕೆಸರು ನೆಲ ಕಿಲೋಮೀಟರ್‌ಗಟ್ಟಲೆ ತೆರೆದುಕೊಳ್ಳುತ್ತದೆ. ನಾರ್ವೆಯದ್ದು ಬೇರೆಯೇ ಕತೆ. ಅವರು ಹೊರಗಿನ ದ್ವೀಪ, ಬಂಡೆಗಳ ತುದಿಗಳನ್ನು ನೇರ ಗೆರೆಗಳಿಂದ ಸೇರಿಸಿದರು. ಬ್ರಿಟನ್ ಕೋರ್ಟಿಗೆ ಹೋಯಿತು, 1951ರಲ್ಲಿ ನಾರ್ವೆ ಗೆದ್ದಿತು. ಹಾಗಾಗಿ ಆಯಾ ದೇಶ ಪ್ರಕಟಿಸಿದ ಬೇಸ್‌ಲೈನ್ ಸಿಕ್ಕರೆ ಅದನ್ನೇ ಬಳಸಿ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಮೊದಲ ಸಲ, ವೆಬ್ ನಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆ ಮಾಡುವ ವಿಧಾನ) ಆದ ವೆಬ್ ಮರ್ಕೇಟರ್‌ನಲ್ಲೇ 22,224 ಮೀಟರ್ (12 ಮೈಲಿ) ಬಫರ್ ಹಾಕಿದ್ದೆ. ಚೆನ್ನಾಗಿಯೇ ಕಾಣಿಸಿತು. ಆದರೆ ಆ ಪ್ರೊಜೆಕ್ಷನ್ ಉತ್ತರಕ್ಕೆ ಹೋದಷ್ಟೂ ಎಲ್ಲವನ್ನೂ ಹಿಗ್ಗಿಸುತ್ತದೆ. 55 ಡಿಗ್ರಿ ಅಕ್ಷಾಂಶದಲ್ಲಿ ನನ್ನ 12 ಮೈಲಿ ನಿಜವಾಗಿ 12.7 ಕಿ.ಮೀ. ಮಾತ್ರ, ಅಂದರೆ 7 ಮೈಲಿಗೂ ಕಮ್ಮಿ. ಎರಡು ವಾರ ಯಾರಿಗೂ ಗೊತ್ತಾಗಲಿಲ್ಲ. ನಕ್ಷೆಗೆ ಮತ್ತು ಗ್ರಿಡ್‌ಗೆ ಯುರೋಪಿನ ಸಮವಿಸ್ತೀರ್ಣ (ವಿಸ್ತೀರ್ಣ ಸರಿಯಾಗಿ ಉಳಿಸುವ) ಪ್ರೊಜೆಕ್ಷನ್, ಅದರ ಕೋಡ್ ಇಪಿಎಸ್‌ಜಿ 3035, ಇಟ್ಟುಕೊಳ್ಳಿ. ದೂರ ಅಳೆಯುವಾಗ ಜಿಯೋಡೆಸಿಕ್ ಲೆಕ್ಕ, ಅಂದರೆ ಭೂಮಿಯ ಬಾಗಿದ ಮೇಲ್ಮೈ ಮೇಲಿನ ದೂರದ ಲೆಕ್ಕ, ಬಳಸಿ.

ಬೇರೆ ಬೇರೆ ದೇಶದ ಫೈಲುಗಳನ್ನು ಜೋಡಿಸಿದರೆ ಅಂಚುಗಳ ಮಧ್ಯೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ನಮ್ಮ ಪರೀಕ್ಷೆಯಲ್ಲಿ ಒಬ್ಬರ ಗಾಳಿಯಂತ್ರ ಸರಿಯಾಗಿ ಅಂಥ ಸಂದಿನಲ್ಲೇ ಬಿತ್ತು, ಯಾವ ದೇಶದ ಅನುಮತಿಯೂ ಬೇಡ ಎಂದಿತು ಸಾಫ್ಟ್‌ವೇರ್! ಗಡಿಗಳನ್ನು ಮೊದಲು ಗೆರೆಗಳಾಗಿ ಒಂದೇ ಪದರದಲ್ಲಿಟ್ಟು, ಆಮೇಲೆ ಪಾಲಿಗಾನ್ ಮಾಡಿ. ಆಗ ನೆರೆಯವರಿಬ್ಬರಿಗೂ ಒಂದೇ ಅಂಚು.

ಆಟದ ನಿಯಮದಲ್ಲೂ ಒಂದು ಎಚ್ಚರ ಬೇಕು. 12 ಮೈಲಿಯೊಳಗೆ ದೇಶಕ್ಕೆ ಸಾರ್ವಭೌಮತ್ವ ಇದೆ, ಆದರೂ ತೊಂದರೆ ಕೊಡದೆ ಹಾದುಹೋಗುವ ವಿದೇಶಿ ಹಡಗಿಗೆ ದಾರಿ ಬಿಡಬೇಕು. ಅದರಾಚೆಯ ವಿಶೇಷ ಆರ್ಥಿಕ ವಲಯದಲ್ಲಿ ಮೀನು, ಅನಿಲ, ಗಾಳಿ ವಿದ್ಯುತ್ತಿನ ಹಕ್ಕು ಇರುತ್ತದೆ, ಅಷ್ಟೇ. ಬೇರೆಯವರ ಹಡಗು ಓಡಾಡುತ್ತದೆ, ಕೇಬಲ್ ಹಾಕಬಹುದು. ಗಾಳಿಯಂತ್ರದ ಸುತ್ತ ಸುರಕ್ಷತಾ ವಲಯ ಸಾಮಾನ್ಯವಾಗಿ ಹೆಚ್ಚೆಂದರೆ 500 ಮೀಟರ್. 'ನನ್ನ ವಲಯ, ಹಡಗು ಬಂದ್' ಅನ್ನುವ ಬಟನ್ ಆಟಗಾರರಿಗೆ ಕೊಡಲೇಬೇಡಿ.

ಎಲ್ಲ ಮುಗಿದ ಮೇಲೆ ನಿಮ್ಮ ಕೋಡ್‌ನಲ್ಲಿ ಬೆಲ್ಜಿಯಂನ ಕಡಲ ವಿಸ್ತೀರ್ಣ ಕೇಳಿ ನೋಡಿ. ಪ್ರಾದೇಶಿಕ ಜಲವೂ ಸೇರಿ 3,450 ಚದರ ಕಿ.ಮೀ. ಆಸುಪಾಸು ಬರಬೇಕು. 9,000ದ ಹತ್ತಿರ ಬಂದರೆ ನೀವಿನ್ನೂ ವೆಬ್ ಮರ್ಕೇಟರ್‌ನಲ್ಲೇ ಇದ್ದೀರಿ.