ಮನೆಯವರೆಲ್ಲ ಮಲಗಿದ ಮೇಲಿನ ಹಸಿವು: ಒಂದು ಆಪ್ತಸಲಹೆ ಪ್ರಕರಣ
(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಚಿಕ್ಕಮಗಳೂರಿನ, ನಲವತ್ತರ ಆಸುಪಾಸಿನ ಈ ಗೃಹಿಣಿ ಬಂದದ್ದು ತೂಕ ಇಳಿಸುವ ದಾರಿ ಕೇಳಿಕೊಂಡು. ಪತಿ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು. ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅತ್ತೆಯ ಆರೈಕೆ ಇವರೊಬ್ಬರ ಪಾಲಿನದು. ಹಗಲನ್ನು ಬರೀ ಕಾಫಿಯಲ್ಲಿ ಕಳೆಯುತ್ತಿದ್ದ ಅವರು, ರಾತ್ರಿ ಅಡುಗೆಮನೆಯಲ್ಲಿ ದೀಪವನ್ನೂ ಹಾಕದೆ ನಿಂತು, ಕಟುಂ ಎನ್ನುವ ಸದ್ದು ಅತ್ತೆಗೆ ಕೇಳಬಾರದೆಂದು ಕೋಡುಬಳೆಯನ್ನು ಬಾಯಲ್ಲೇ ನೆನೆಸಿಕೊಂಡು ತಿನ್ನುತ್ತಿದ್ದರು. ನಾಚಿಕೆಯಿಂದ ಮರುದಿನದ ತಿಂಡಿ ಬಿಡುತ್ತಿದ್ದರು.

"ನನಗೆ ಬಾಯಿಕಟ್ಟು ಇಲ್ಲ ಮೇಡಂ" ಎಂಬುದು ಅವರ ದೂರು. ನನಗೆ ಹಾಗನ್ನಿಸಲಿಲ್ಲ, ಏಕೆಂದರೆ ಹಗಲಿಡೀ ಉಪವಾಸವಿದ್ದ ದೇಹ ರಾತ್ರಿ ಸಾಲ ವಸೂಲಿಗೆ ನಿಲ್ಲುವುದು ಸಹಜ. ಜೊತೆಗೆ ದೀರ್ಘಕಾಲದ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಮತ್ತು ನಿದ್ದೆಗೇಡು ಎರಡೂ ಕರಿದ, ಸಿಹಿ ತಿನಿಸುಗಳ ಆಸೆಯನ್ನು ಹೆಚ್ಚಿಸುತ್ತವೆ. ಹೊಟ್ಟೆಯ ಹಸಿವು ಮೆಲ್ಲನೆ ಏರುತ್ತದೆ, ಅನ್ನ ಸಾರಿಗೂ ತಣಿಯುತ್ತದೆ. ಬೇಸರದಿಂದ ಹುಟ್ಟುವ ಹಸಿವು ಸಾಮಾನ್ಯವಾಗಿ ಥಟ್ಟನೆ ಬಂದು ಇಂಥದ್ದೇ ಬೇಕೆಂದು ಹಟ ಹಿಡಿಯುತ್ತದೆ. ಇವರಲ್ಲಿ ಎರಡೂ ಬೆರೆತಿದ್ದವು.

ಆದ್ದರಿಂದ ಡಯಟ್ ಮಾತನ್ನು ಬದಿಗಿಟ್ಟು, ಮೊದಲು ಹೊತ್ತು ಹೊತ್ತಿಗೆ ಊಟ ಮಾಡಲು ಹೇಳಿದೆ. ಥೈರಾಯ್ಡ್, ಸಕ್ಕರೆ ಪರೀಕ್ಷೆಗೆ ವೈದ್ಯರ ಬಳಿ ಕಳಿಸಿದೆ. ತಿಂದದ್ದನ್ನಲ್ಲ, ತಿನ್ನುವ ಮುನ್ನ ನಡೆದದ್ದನ್ನು ಬರೆದಿಡಲು ಸೂಚಿಸಿದೆ. ಆ ಪುಸ್ತಕದಲ್ಲಿ ಬೆಂಗಳೂರಿನ ನಾದಿನಿಯ ಫೋನು ಮತ್ತೆ ಮತ್ತೆ ಕಾಣಿಸಿಕೊಂಡಿತು: "ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡ್ತಿದೀರಾ ಅತ್ತಿಗೆ?" ಉತ್ತರವನ್ನು ನುಂಗಿಕೊಂಡ ರಾತ್ರಿಗಳಲ್ಲೇ ಡಬ್ಬಿ ಖಾಲಿಯಾಗುತ್ತಿತ್ತು.

ಮುಂದಿನ ಭೇಟಿಗೆ ಪತಿಯನ್ನೂ ಕರೆಸಿದೆ. ಅವರೇ ತಂಗಿಯೊಡನೆ ಮಾತಾಡಿ, ತಿಂಗಳಿಗೊಂದು ವಾರಾಂತ್ಯ ಆಕೆ ಬಂದು ತಾಯಿಯನ್ನು ನೋಡಿಕೊಳ್ಳುವಂತೆ ಒಪ್ಪಿಸಿದರು. ಕೋಡುಬಳೆಯನ್ನು ಬಿಡಿಸಲಿಲ್ಲ, ತಟ್ಟೆಗೆ ಹಾಕಿಕೊಂಡು, ಕುಳಿತು, ಸಂಜೆ ಕಾಫಿಯ ಜೊತೆ ತಿನ್ನಿ ಎಂದೆ. ರಾತ್ರಿಯ ತಿನ್ನಾಟ ಪೂರ್ತಿ ನಿಂತಿಲ್ಲ, ಆದರೆ ಮರುದಿನದ ಉಪವಾಸ ನಿಂತಿದೆ. ನನ್ನ ಲೆಕ್ಕದಲ್ಲಿ ತೂಕಕ್ಕಿಂತ ಅದೇ ದೊಡ್ಡದು.

ಹಿಡಿತ ತಪ್ಪಿ ಅತಿಯಾಗಿ ತಿನ್ನುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ಮುಂದುವರಿದರೆ, ಅಥವಾ ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ, ಆಪ್ತಸಲಹೆಯೊಂದೇ ಸಾಲದು, ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.