ಮಠದ ಊರಿನಲ್ಲಿ ನಂಬಿಕೆಯಿಲ್ಲದವನು, ಮತ್ತು ಗ್ಯಾರಂಟಿಗಳ ಪ್ರಶ್ನೆ

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಲಿಂಗಾಯತ ಮನೆತನದಲ್ಲಿ ಹುಟ್ಟಿ ದೇವರಲ್ಲಿ ನಂಬಿಕೆ ಇಲ್ಲದವರು ಉತ್ತರ ಕರ್ನಾಟಕದ ಊರುಗಳಲ್ಲಿ ಹೇಗೆ ಬಾಳುತ್ತಾರೆ ಎಂಬುದು ಮೊದಲನೆಯದು. ಬಡವರ ನೆರವನ್ನು ಮಠಗಳಿಗೂ ದಾನಿಗಳಿಗೂ ಬಿಟ್ಟು ಸರ್ಕಾರ ಗ್ಯಾರಂಟಿ ಯೋಜನೆಗಳನ್ನು ಕಡಿಮೆ ಮಾಡಬೇಕು ಎಂಬ ವಾದಕ್ಕೆ ಅಂಥವರು ಏನನ್ನುತ್ತಾರೆ ಎಂಬುದು ಎರಡನೆಯದು. ನಾನು ಜಮಖಂಡಿ ತಾಲ್ಲೂಕಿನವನು. ಮಠವೊಂದಕ್ಕೆ ಸೇರಿದ ಸಂಸ್ಥೆಯ ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೇರೆ ನಾಸ್ತಿಕರ ಪರವಾಗಿ ಮಾತನಾಡಲಾರೆ, ನನ್ನದನ್ನು ಹೇಳುತ್ತೇನೆ.

ನಾನು ಲಿಂಗ ಕಟ್ಟುವುದಿಲ್ಲ, ವಿಭೂತಿ ಹಚ್ಚುವುದಿಲ್ಲ, ಪಾದಪೂಜೆಗೆ ಕೂಡುವುದಿಲ್ಲ. ಹೆಂಡತಿ ಇವೆಲ್ಲವನ್ನೂ ಮಾಡುತ್ತಾಳೆ, ಶ್ರಾವಣದ ಪ್ರವಚನವನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಇದರಿಂದ ಮನೆಯಲ್ಲಿ ದಿನವೂ ಜಗಳ ನಡೆಯುತ್ತದೆ ಎಂದು ನೀವು ಭಾವಿಸಿದ್ದರೆ ಹಾಗೇನಿಲ್ಲ. ನಮ್ಮಲ್ಲಿ ಯಾರೂ ನಿಮ್ಮ ನಂಬಿಕೆಯನ್ನು ಕೆದಕಿ ಕೇಳುವುದಿಲ್ಲ. ಮದುವೆಗೆ, ಮಣ್ಣಿಗೆ, ಜಾತ್ರೆಗೆ ಬಂದಿರೋ ಇಲ್ಲವೋ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಜಾತ್ರೆಯ ಪಟ್ಟಿ ಎತ್ತಲು ಹಿರಿಯರು ಬಂದರೆ ದಾಸೋಹದ ಲೆಕ್ಕಕ್ಕೆ ಕೊಡುತ್ತೇನೆ, ಪಲ್ಲಕ್ಕಿಯ ಬೆಳ್ಳಿಗೆ ಕೊಡುವುದಿಲ್ಲ. ‘ಸರ, ನಿಮ್ಮದು ಬರೇ ಜ್ವಾಳದ ಭಕ್ತಿ ನೋಡ್ರಿ’ ಎಂದು ನಕ್ಕು ರಸೀದಿ ಹರಿದು ಕೊಡುತ್ತಾರೆ.

ಆದರೆ ಈ ಸಹನೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ ಎಂಬುದನ್ನು ನೀವು ಗಮನಿಸಬೇಕು. ನನ್ನ ಶಾಲೆಯನ್ನು ನಡೆಸುವುದು ಮಠದ ಸಂಸ್ಥೆಯಾದರೂ ನನ್ನ ಸಂಬಳ ಬರುವುದು ಸರ್ಕಾರದ ಅನುದಾನದಿಂದ. ನಾನು ಪ್ರಬಲ ಜಾತಿಯವನು, ಗಂಡಸು, ತಿಂಗಳ ಸಂಬಳದವನು. ಆದ್ದರಿಂದ ನನ್ನ ನಾಸ್ತಿಕತೆ ಊರಿಗೆ ಒಂದು ತಮಾಷೆ. ಅದೇ ಮಾತನ್ನು ಮಠದ ಪ್ರಸಾದ ನಿಲಯದಲ್ಲಿ ಉಂಡು ಓದುವ ಹುಡುಗ ಆಡಲಾರ. ನಾಲ್ಕು ಮನೆಯ ಕಸ ಮುಸುರೆ ಮಾಡಿ ಬದುಕುವ ವಿಧವೆ ಆಡಲಾರಳು. ಅವರನ್ನು ಯಾರಾದರೂ ಹೊರಗೆ ಹಾಕುತ್ತಾರೆಂದು ನಾನು ಹೇಳುತ್ತಿಲ್ಲ, ಬಹುಶಃ ಹಾಕಲಿಕ್ಕಿಲ್ಲ. ಆದರೆ ಉಣ್ಣುವ ಅನ್ನ ಇನ್ನೊಬ್ಬರ ಒಳ್ಳೆಯ ಅಭಿಪ್ರಾಯವನ್ನು ಅವಲಂಬಿಸಿರುವಾಗ ಅದನ್ನು ಪರೀಕ್ಷಿಸಿ ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ, 1976ರ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯಗಳಲ್ಲಿ ಸೇರಿಸಿದೆ. ಎರಡನ್ನೂ ವರ್ಷ ವರ್ಷವೂ ಪಾಠ ಮಾಡುತ್ತೇನೆ. ಆದರೂ ನನಗೆ ಆ ಸ್ವಾತಂತ್ರ್ಯ ದಕ್ಕಿದ್ದು ಖಜಾನೆಯಿಂದ ಬರುವ ಸಂಬಳದ ಕಾರಣಕ್ಕೆ. ನೆರವು ಹಕ್ಕಾಗಿ ಬರಬೇಕು ಎಂದು ನಾನು ಪಟ್ಟು ಹಿಡಿಯುವುದೂ ಇದಕ್ಕೇ.

ಮಠಗಳ ಕೆಲಸವನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಸರ್ಕಾರಿ ವಸತಿನಿಲಯಗಳು ಇಲ್ಲದ ಕಾಲದಲ್ಲಿ ಈ ಭಾಗದ ಹಳ್ಳಿಯ ಮಕ್ಕಳು ಓದಿದ್ದು ಮಠಗಳ ಅನ್ನದಿಂದ. ಶಿಕ್ಷಣ ಸಂಸ್ಥೆಗಳಾದ ವಿಜಯಪುರದ ಬಿ.ಎಲ್.ಡಿ.ಇ. 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. 1916ರಲ್ಲಿ ಹುಟ್ಟಿದ್ದೂ ಸಮುದಾಯದ ದಾನಬಲದಿಂದಲೇ. ನನಗೆ ವಿಚಿತ್ರವೆನಿಸುವುದು ಬೇರೆ ಸಂಗತಿ. ದಾಸೋಹದಲ್ಲಿ ಕೂತವನನ್ನು ‘ನೀನು ದುಡಿಯುತ್ತೀಯಾ?’ ಎಂದು ಕೇಳದಿರುವುದೇ ನಮ್ಮ ಹೆಮ್ಮೆ ಎಂದು ಹೇಳುವ ಹಿರಿಯರೇ ಸಂಜೆ ಕಟ್ಟೆಯ ಮೇಲೆ ಕುಳಿತು ‘ಬಿಟ್ಟಿ ಭಾಗ್ಯ ಕೊಟ್ಟು ಮಂದೀನ ಮೈಗಳ್ಳರನ್ನ ಮಾಡ್ಯಾರ’ ಎನ್ನುತ್ತಾರೆ. ಆಧಾರವಾಗಿ ಕಾಯಕ ತತ್ವವನ್ನೂ ಮುಂದಿಡುತ್ತಾರೆ. ಆದರೆ ಕಾಯಕದ ಜೊತೆಗೆ ದಾಸೋಹವೂ ಇದೆಯಲ್ಲ, ಅದು ದುಡಿದವನ ಮೇಲೆ ಹೊರಿಸಿದ ಹೊಣೆಯೇ ಹೊರತು ಉಣ್ಣುವವನಿಗೆ ಒಡ್ಡಿದ ಪರೀಕ್ಷೆಯಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಖಜಾನೆಯ ಹಣವನ್ನು ದಾಸೋಹಕ್ಕೆ ಸುರಿಯುತ್ತಿದ್ದಾರೆ ಎಂದು ಆಗಿನವರು ದೂರು ಹೇಳಿದ್ದರೆಂಬ ಕಥೆಯನ್ನು ಕೂಡಲಸಂಗಮ ಇರುವ ಜಿಲ್ಲೆಯ ಜನಕ್ಕೆ ನಾನು ನೆನಪಿಸಬೇಕಾಗಿಲ್ಲ.

ಗ್ಯಾರಂಟಿಗಳಿಂದಾಗಿ ಕೂಲಿಯಾಳು ಸಿಗುವುದಿಲ್ಲ ಎಂಬ ದೂರಿನ ಬಗ್ಗೆಯೂ ಒಂದು ಮಾತು. ಕಬ್ಬಿನ ಸೀಮೆಯಲ್ಲಿ ಈ ದೂರು ಗ್ಯಾರಂಟಿಗಳಿಗಿಂತ ಹಳೆಯದು. ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳ ತಿಂಗಳು ತಪ್ಪದೆ ಬಂದರೂ ಒಂದು ಸಂಸಾರ ಕೈಕಟ್ಟಿ ಕೂಡಲಾರದು. ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ತಡೆದು ಬರುತ್ತದೆ. ಹೆಚ್ಚೆಂದರೆ ಆ ಹಣದ ಬಲದಿಂದ ಒಬ್ಬ ಹೆಣ್ಣುಮಗಳು ಅಗ್ಗದ ಕೂಲಿಗೆ ‘ಒಲ್ಲೆ’ ಎನ್ನಬಹುದು. ಹೊಲದ ಒಡೆಯನಿಗೆ ಅದು ನಷ್ಟವೇ, ಒಪ್ಪುತ್ತೇನೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳವರಿಗೆ ಇನ್ನೊಂದು ವ್ಯತ್ಯಾಸವೂ ತಿಳಿಯುತ್ತದೆ. ಪರಿಹಾರದ ಹಣ ಬಂದದ್ದು ಭೂಮಿ ಯಾರ ಹೆಸರಿನಲ್ಲಿತ್ತೋ ಅವರ ಕೈಗೆ, ಎಂದರೆ ಬಹುಪಾಲು ಗಂಡಸರ ಕೈಗೆ. ಗೃಹಲಕ್ಷ್ಮಿ ನೇರವಾಗಿ ಮನೆಯೊಡತಿಯ ಖಾತೆಗೆ ಬೀಳುತ್ತದೆ.

2023ರ ಜೂನ್ 11ರಂದು ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ, ಅವರು ಶೂನ್ಯ ಟಿಕೆಟ್ ಪಡೆದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವುದಕ್ಕೆ ನಮ್ಮ ತೆರಿಗೆ ಏಕೆ ಎಂದು ನನ್ನಂಥ ಕೆಲವು ಗೆಳೆಯರೇ ಸಿಡಿಮಿಡಿಗೊಂಡರು. ನಾನು ಅವರ ಜೊತೆಗಿಲ್ಲ. ಹೆಣ್ಣುಮಗಳು ಎಲ್ಲಿಗೆ ಹೋಗುತ್ತಾಳೆಂದು ಕಂಡಕ್ಟರು ವಿಚಾರಿಸುವುದು ಟಿಕೆಟ್ ಹರಿಯುವಷ್ಟಕ್ಕೆ ಸಾಕು. ಭಕ್ತಿಗೆ ಬಹುಮಾನ ಕೊಡಬಾರದು ಎನ್ನುವವರು ಭಕ್ತಿಗೆ ದಂಡವನ್ನೂ ಹಾಕಬಾರದು. ಅದೇ ಸವದತ್ತಿಯ ಸುತ್ತಲ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ದೇವದಾಸಿಯಾಗಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು. ಆ ಮಹಿಳೆಯರಿಗೆ ಮಾಸಾಶನವೂ ಬಂತು. ಆದರೆ 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋದವರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು. ಧರ್ಮದ ಹೆಸರಿನಲ್ಲಿ ಆದ ಅನ್ಯಾಯಕ್ಕೆ ಪರಿಹಾರ ಕೊಡಬೇಕಾದ ಸರ್ಕಾರವೂ ಪಟ್ಟಿಯ ಹೆಸರಿನಲ್ಲಿ ಜನರನ್ನು ಹೊರಗಿಡಬಲ್ಲದು.

ಆದ್ದರಿಂದ ಈಗಿರುವ ಯೋಜನೆಗಳು ಇದ್ದಂತೆಯೇ ಇರಲಿ ಎಂದು ನಾನು ಹೇಳುವುದಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿಯನ್ನು ರೂಪಿಸಿದ ರೀತಿ ನನಗೆ ಒಪ್ಪಿಗೆಯಿಲ್ಲ. 200 ಯೂನಿಟ್ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಪ್ರಮಾಣವನ್ನು ಗೊತ್ತುಪಡಿಸಿದ್ದರಿಂದ, ಎರಡು ದೀಪದ ಮನೆಗೆ ಸ್ವಲ್ಪ, ಫ್ರಿಜ್ಜು ಗೀಜರ್ ಇರುವ ನಮ್ಮಂಥವರ ಮನೆಗೆ ಬಹಳ ಎಂಬಂತಾಯಿತು. ನನ್ನ ಮನೆಗೆ ಈ ರಿಯಾಯಿತಿ ಬೇಕಾಗಿಯೇ ಇರಲಿಲ್ಲ. ಇತ್ತ 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. 60ರಿಂದ 79 ವರ್ಷದವರ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ 200 ರೂಪಾಯಿಯಲ್ಲೇ ನಿಂತಿದೆ. ಸುಧಾರಣೆ ಎಂದರೆ ಮೊದಲು ಈ ಮೊತ್ತ ಬೆಲೆ ಏರಿದಂತೆ ಏರಬೇಕು, ಹೆಬ್ಬೆಟ್ಟು ಮೂಡದ ಮುದುಕಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಬೇರೆ ದಾರಿ ಇರಬೇಕು. ಬಿಪಿಎಲ್ ಚೀಟಿಗಳನ್ನು ಶೋಧಿಸುವುದು ತಪ್ಪಲ್ಲ. ಆದರೆ ಮನೆಗೆ ಬಂದು ನೋಡದೆ, ಒಂದು ನೋಟಿಸನ್ನೂ ಕೊಡದೆ ಚೀಟಿ ರದ್ದು ಮಾಡುವುದು, ಆಮೇಲೆ ಬಡವರೇ ಕಚೇರಿಗೆ ಅಲೆದು ತಮ್ಮ ಬಡತನವನ್ನು ಸಾಬೀತುಪಡಿಸಬೇಕೆನ್ನುವುದು ಸಲ್ಲದು. ನಾಲ್ಕು ಅನರ್ಹರು ಒಳಗೆ ಉಳಿದರೂ ಒಬ್ಬ ಅರ್ಹಳು ಹೊರಗೆ ಬೀಳದಿರುವುದು ನನಗೆ ಮುಖ್ಯ. ಖರ್ಚು ಹೆಚ್ಚುತ್ತದೆ ಎಂಬುದು ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ.

ಆ ಎರಡು ಪ್ರಶ್ನೆಗಳ ಜೊತೆಗೆ ಕೊನೆಯಲ್ಲಿ, ನಂಬಿಕೆ ಇಲ್ಲದಿರುವುದನ್ನು ಮನೆಯಲ್ಲಿ ಹೇಳಬೇಕೇ ಎಂದೂ ಕೇಳಿದ್ದೀರಿ. ನೀವು ಇನ್ನೂ ಓದುತ್ತಿದ್ದು, ಫೀಸು, ಊಟ, ರೂಮಿನ ಬಾಡಿಗೆ ಎಲ್ಲವೂ ತಂದೆಯವರಿಂದಲೇ ಬರುತ್ತಿದ್ದರೆ ಈಗ ಅವಸರ ಮಾಡಬೇಡಿ. ಅದನ್ನು ಯಾರೂ ಹೇಡಿತನ ಎನ್ನಲಾರರು. ಹೇಳುವ ದಿನ ಬಂದಾಗ ಮೊದಲು ತಾಯಿಗೆ ಹೇಳಿ. ಜಾತ್ರೆಗೆ ಹೋಗುವುದನ್ನು ಮಾತ್ರ ಬಿಡಬೇಡಿ.