ಬೆಣ್ಣೆಹಣ್ಣಿನ ಫಸಲು ಮುಂಗಡಕ್ಕೆ ಕೊಡಲಾ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ಎರಡೂವರೆ ಎಕರೆ ಕಾಫಿ, ನಡುವೆ 20 ಬೆಣ್ಣೆಹಣ್ಣಿನ ಮರ ಇವೆ. ಮಾರ್ಚ್‌ನಲ್ಲೇ ವ್ಯಾಪಾರಿಯೊಬ್ಬರು ಇಡೀ ಫಸಲಿಗೆ 30,000 ರೂಪಾಯಿ ಕೊಡುತ್ತೇನೆ ಅಂತಾರೆ. ಮಗಳ ಫೀಸು ಕಟ್ಟಬೇಕು. ಕೊಡಲಾ? ಹಳೆಯ ಕಿತ್ತಳೆ ಜಾಗದಲ್ಲಿ ಮತ್ತೆ ಕಿತ್ತಳೆ ಹಾಕಬಹುದಾ?

ಉತ್ತರ: ಎಲ್ಲ ಮರ ಕೊಡಬೇಡಿ. ಮರಕ್ಕೆ 80 ಕಿಲೋ ಅಂತ ಇಟ್ಟುಕೊಂಡರೂ 1,600 ಕಿಲೋ ಆಯಿತು, ಅಂದರೆ ಕಿಲೋಗೆ 19 ರೂಪಾಯಿ ಕೂಡ ಸಿಗಲಿಲ್ಲ. ಗಾಳಿ, ಮಂಗ, ಕೊಯ್ಲಿನ ಕೂಲಿ ಎಲ್ಲ ವ್ಯಾಪಾರಿಯ ತಲೆಗೆ ಹೋಗುತ್ತದೆ, ಅದು ನಿಜ. ಆದರೆ ನೀವು ಅವರಿಂದ ಪಡೆಯುತ್ತಿರುವುದು ಸಾಲ, ಅಲ್ವಾ? ಬಡ್ಡಿ ಕಾಯಿಯಲ್ಲಿ ಹೋಗುತ್ತದೆ, ಅಷ್ಟೇ. ಫೀಸಿಗೆ ಸಾಕಾಗುವಷ್ಟು, ಏಳೆಂಟು ಮರ ಮಾತ್ರ ಕೊಡಿ. ಸಹಕಾರ ಸಂಘದ ಬೆಳೆ ಸಾಲವನ್ನೂ ಕೇಳಿ. ಜಮ್ಮಾ ಜಾಗವಾಗಿ (ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಪಹಣಿಯಲ್ಲಿ ಮನೆತನದ ಹಲವರ ಹೆಸರಿದ್ದರೆ ಓಡಾಟ ಜಾಸ್ತಿ, ಈಗಲೇ ಶುರು ಮಾಡಿ.

ಉಳಿದ ಮರಗಳನ್ನು ನೀವೇ ಕೊಯ್ಯಿಸಿ. ಕೋಲಿನಿಂದ ಬಡಿದು ಬೀಳಿಸಿದ ಕಾಯಿ ಆ ದಿನ ಚೆನ್ನಾಗಿಯೇ ಕಾಣುತ್ತದೆ, ಹಣ್ಣಾಗುವಾಗ ಪೆಟ್ಟು ಬಿದ್ದ ಕಡೆ ಒಳಗೆ ಕಪ್ಪಾಗುತ್ತದೆ. ತುದಿಗೆ ಬಲೆ ಕಟ್ಟಿದ ದೋಟಿ ಬಳಸಿ, ಸ್ವಲ್ಪ ತೊಟ್ಟು ಬಿಟ್ಟು ಕತ್ತರಿಸಿ. ಬೆಣ್ಣೆಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ, ಕಿತ್ತ ಮೇಲೇ ಹಣ್ಣಾಗುತ್ತದೆ. ಹಾಗಾಗಿ ಬಲಿತ ಕಾಯಿ ಕೆಲವು ದಿನ ಕಾಯುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದ ಮೂರು ಮನೆಯವರನ್ನು ಸೇರಿಸಿ ಒಂದು ಪಿಕಪ್ ತುಂಬಿಸಿ. ಕೊಡಗಿಗೆ ರೈಲಿಲ್ಲ, ಮೈಸೂರಿಗೆ ಅರ್ಧ ಖಾಲಿ ಗಾಡಿ ಹೋದರೂ ಬಾಡಿಗೆ ಅಷ್ಟೇ. ಸಣ್ಣ ಬೆಳೆಗಾರರ ಲಾಭ ಹೆಚ್ಚಾಗಿ ಸೋರುವುದು ಇಲ್ಲೇ.

ಇನ್ನು ಕಿತ್ತಳೆ. ಕೊಡಗಿನ ಕಿತ್ತಳೆಗೆ 2006ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು, ಆದರೆ ಆ ಹೆಸರು ಎಲೆ ಹಳದಿಯಾಗಿ ಮರವೇ ಸೊರಗುವ ಗ್ರೀನಿಂಗ್ ರೋಗವನ್ನು ತಡೆಯುವುದಿಲ್ಲ. ಅದು ಸಸಿಯ ಜೊತೆಗೇ ತೋಟಕ್ಕೆ ಬರುತ್ತದೆ, ಆಮೇಲೆ ಸಿಲ್ಲಿಡ್ ಎಂಬ ಸಣ್ಣ ಕೀಟ ಹರಡುತ್ತದೆ. ರಸ್ತೆ ಬದಿಯ ಅಗ್ಗದ ಸಸಿ ತರಲೇಬೇಡಿ. ಇನ್ನೊಂದು ಕಷ್ಟವೂ ಇದೆ: ಡಿಸೆಂಬರ್, ಜನವರಿಯಲ್ಲಿ ಹಣ್ಣು ಬಲಿಯುವಾಗಲೇ ಕಾಫಿ ಕೊಯ್ಲು, ಆಗ ಆಳುಗಳು ಎಲ್ಲಿ ಸಿಗುತ್ತಾರೆ? ಮನೆಯವರೇ ಕೊಯ್ಯಬಹುದಾದಷ್ಟು, ಹತ್ತು ಗಿಡ ಹಾಕಿ. ಮೊದಲು ಆ ಜಾಗದಲ್ಲಿ ಉಳಿದ ರೋಗದ ಮರಗಳನ್ನು ಬುಡಸಮೇತ ತೆಗೆಯಿರಿ, ಆಮೇಲೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಸಸಿ ವಿಚಾರಿಸಿ.